ಮೂರು ತಂತಿಯ ಮೇಲೆ ಇಪ್ಪತ್ನಾಲ್ಕು ಡಿಸ್ಕ್

ರಾತ್ರಿ ಎರಡು ಗಂಟೆಯ ಹೊತ್ತಿಗೆ ನಮ್ಮ ಸರ್ವರ್‌ನ ಡಿಸ್ಕ್‌ಗಳು ಕಾಣೆಯಾಗುತ್ತಿದ್ದವು. ಒಂದೋ ಎರಡೋ ಅಲ್ಲ, ಒಟ್ಟಿಗೆ ಹಲವು. ಅರ್ಧ ನಿಮಿಷ ಬಿಟ್ಟು ಎಲ್ಲವೂ ತಾವಾಗಿಯೇ ವಾಪಸ್ ಬರುತ್ತಿದ್ದವು. ಬೆಳಿಗ್ಗೆ ಬಂದು ಲಾಗ್ ತೆರೆದರೆ ನೂರಾರು ಸಾಲು ಎರರ್. ಒಂದೊಂದೇ ಡಿಸ್ಕ್ ಪರೀಕ್ಷೆ ಮಾಡಿದರೆ ಯಾವುದೂ ಕೆಟ್ಟಿಲ್ಲ. ಹೀಗೇ ಮೂರು ವಾರ ನಡೆಯಿತು. ನಾಲ್ಕನೇ ವಾರ ಒಂದು ರಾತ್ರಿ ಎಲ್ಲ ಡಿಸ್ಕ್‌ಗಳೂ ಸೇರಿ ಆಗುವ ಸಂಗ್ರಹ, ಅಂದರೆ ಇಡೀ ಪೂಲ್, ನಿಂತುಹೋಯಿತು.

ನಿಂತಿದ್ದೇ ಒಳ್ಳೆಯದಾಯಿತು. ನಮ್ಮದು ಜಡ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆ ನೋಡಿಕೊಳ್ಳುವ ಪೂಲ್. ಎಂಟೆಂಟು ಡಿಸ್ಕ್‌ಗಳ ಮೂರು ಗುಂಪು. ಒಂದು ಗುಂಪಿನಲ್ಲಿ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಅದೇ ಗುಂಪಿನಲ್ಲಿ ಮೂರನೆಯದೂ ಹೋದರೆ ಬರೆಯುವುದನ್ನು ನಿಲ್ಲಿಸಿ ಸುಮ್ನೆ ಕೂರುವುದೇ ಸರಿ. ಅದು ಹಾಗೇ ಮಾಡಿತ್ತು. ಡೇಟಾ ಹಾಳಾಗಲಿಲ್ಲ. ಆದರೆ ಅವತ್ತು ನನಗೆ ಖಾತ್ರಿಯಾಯಿತು. ತೊಂದರೆ ಇರುವುದು ಡಿಸ್ಕ್‌ಗಳಲ್ಲಿ ಅಲ್ಲ, ಡಿಸ್ಕ್‌ಗಳಿಗೂ ಸರ್ವರ್‌ಗೂ ನಡುವೆ ಎಲ್ಲೋ.

ಕೇಬಲ್ ಅಷ್ಟೊತ್ತಿಗಾಗಲೇ ಬದಲಿಸಿದ್ದೆ. ಸರ್ವರ್ ಒಳಗೆ ಆ ಕೇಬಲ್ ಸೇರುವ ಕಾರ್ಡ್ ಬದಲಿಸಿದ್ದೆ. ಪವರ್ ಸಪ್ಲೈ ಎರಡನ್ನೂ ಒಂದೊಂದಾಗಿ ತೆಗೆದು ಹಾಕಿ ನೋಡಿದ್ದೆ. ಉಳಿದದ್ದು ಒಂದೇ, ಡಿಸ್ಕ್ ಶೆಲ್ಫ್‌ನ, ಅಂದರೆ ಡಿಸ್ಕ್‌ಗಳು ಕೂರುವ ಹೊರಗಿನ ಪೆಟ್ಟಿಗೆಯ ಒಳಗೆ ಇರುವ ಸಾಸ್ ಎಕ್ಸ್‌ಪ್ಯಾಂಡರ್. ಸಾಸ್ ಅಂದರೆ ಸರ್ವರ್‌ಗೆ ಡಿಸ್ಕ್‌ಗಳನ್ನು ಜೋಡಿಸುವ ಒಂದು ಪದ್ಧತಿ.

ಇದರ ಬಗ್ಗೆ ಸ್ವಲ್ಪ ಹೇಳಬೇಕು. ಸರ್ವರ್‌ನಿಂದ ಶೆಲ್ಫ್‌ಗೆ ಬರುವ ಒಂದು ಕೇಬಲ್‌ನಲ್ಲಿ ಇರುವುದು ನಾಲ್ಕೇ ಲೇನ್. ನಮ್ಮ ಶೆಲ್ಫ್‌ನಲ್ಲಿ ಒಂದೊಂದಕ್ಕೂ ಸೆಕೆಂಡಿಗೆ 6 ಗಿಗಾಬಿಟ್. ಹಿಂದೆ ಕೂತಿರುವುದು 24 ಡಿಸ್ಕ್. ನಾಲ್ಕು ದಾರಿಯಲ್ಲಿ ಇಪ್ಪತ್ನಾಲ್ಕು ಜನರನ್ನು ಓಡಾಡಿಸುವುದು ಎಕ್ಸ್‌ಪ್ಯಾಂಡರ್ ಚಿಪ್‌ನ ಕೆಲಸ. ನೆಟ್‌ವರ್ಕ್‌ಗೆ ಸ್ವಿಚ್ ಇದ್ದ ಹಾಗೆ ಇದು ಡಿಸ್ಕ್‌ಗಳಿಗೆ ಸ್ವಿಚ್. ಅದಕ್ಕೆ ತನ್ನದೇ ಪ್ರೊಸೆಸರ್ ಇದೆ, ಫ್ಲಾಶ್ ಮೆಮೊರಿ ಇದೆ, ಅದರಲ್ಲಿ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಇದೆ. ಡಿಸ್ಕ್‌ನ ಫರ್ಮ್‌ವೇರ್ ಯಾವುದು ಅಂತ ಎಲ್ಲರೂ ನೋಡುತ್ತೇವೆ, ಕಾರ್ಡ್‌ನದ್ದೂ ನೋಡುತ್ತೇವೆ. ಶೆಲ್ಫ್ ಅಂದರೆ ಕಬ್ಬಿಣದ ಡಬ್ಬಿ ಅಂದುಕೊಂಡು ಬಿಟ್ಟುಬಿಡುತ್ತೇವೆ. ನಾನೂ ಐದು ವರ್ಷ ಬಿಟ್ಟಿದ್ದೆ.

ತಯಾರಕರ ರಿಲೀಸ್ ನೋಟ್ ಹುಡುಕಿ ಓದಿದೆ. ನಮ್ಮ ಶೆಲ್ಫ್‌ನ ಫರ್ಮ್‌ವೇರ್ ಆವೃತ್ತಿಯ ನಂತರ ನಾಲ್ಕು ಬಂದಿದ್ದವು. ಮೂರನೆಯದರಲ್ಲಿ ಒಂದು ಸಾಲು ಇತ್ತು. ಸಾಟಾ ಡಿಸ್ಕ್ ಒಂದು ಉತ್ತರ ಕೊಡಲು ತಡ ಮಾಡಿದರೆ ಅದರ ಎಸ್‌ಟಿಪಿ ಸಂಪರ್ಕ ಸರಿಯಾಗಿ ಮುಚ್ಚುವುದಿಲ್ಲ, ಬೇರೆ ಡಿಸ್ಕ್‌ಗಳ ಲಿಂಕ್ ಕೂಡ ರೀಸೆಟ್ ಆಗುತ್ತದೆ, ಇದನ್ನು ಸರಿಪಡಿಸಿದ್ದೇವೆ. ಸಾಟಾ ಅಂದರೆ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಇರುವ ಬಗೆಯ ಡಿಸ್ಕ್ ಸಂಪರ್ಕ. ಎಸ್‌ಟಿಪಿ ಅಂದರೆ ಸಾಸ್ ಜಾಲದ ಒಳಗೆ ಸಾಟಾ ಡಿಸ್ಕ್‌ನ ಮಾತನ್ನು ಸಾಗಿಸುವ ಸುರಂಗ. ನಮ್ಮವು ಎಲ್ಲವೂ ಸಾಟಾ ಡಿಸ್ಕ್‌ಗಳೇ. ಲಾಗ್‌ಗೆ ಹಿಂತಿರುಗಿ ನೋಡಿದೆ. ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು ತಡ ಮಾಡಿದ್ದು 17ನೇ ಸ್ಲಾಟ್. ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾಗುತ್ತಿತ್ತು, ಹೊರೆ ಏರಿದಾಗ ಆ ಡಿಸ್ಕ್ ಕೆಲವು ಸೆಕೆಂಡ್ ಎಳೆಯುತ್ತಿತ್ತು. ಕೆಟ್ಟಿರಲಿಲ್ಲ, ನಿಧಾನವಾಗಿತ್ತು ಅಷ್ಟೇ. ಅದನ್ನು ತೆಗೆದು ಬೇರೆಯದು ಹಾಕಿದ್ದರೆ ಕಾಟ ತಪ್ಪುತ್ತಿತ್ತೇನೋ. ಆದರೆ ಇನ್ನೊಂದು ಡಿಸ್ಕ್ ಹಳೆಯದಾದ ದಿನ ಮತ್ತೆ ಇದೇ ಕಥೆ. ಒಂದು ಡಿಸ್ಕ್ ಎಡವಿದರೆ ಅದೊಂದೇ ಬೀಳಬೇಕು. ಪಕ್ಕದವರನ್ನೂ ಬೀಳಿಸುವ ಶೆಲ್ಫ್ ಮೇಲೆ ನಂಬಿಕೆ ಇಟ್ಟು ನಿದ್ದೆ ಮಾಡಲು ಆಗಲ್ಲ.

ಎಕ್ಸ್‌ಪ್ಯಾಂಡರ್‌ಗೆ ಫರ್ಮ್‌ವೇರ್ ಹಾಕುವ ಸುಲಭದ ದಾರಿ ಸರ್ವರ್ ಕಡೆಯಿಂದಲೇ. ಡಿಸ್ಕ್‌ಗಳ ಡೇಟಾ ಹೋಗುವ ಅದೇ ಕೇಬಲ್‌ನಲ್ಲಿ, ಶೆಲ್ಫ್‌ನ ಸ್ಥಿತಿಗತಿ ನೋಡಿಕೊಳ್ಳುವ ಎಸ್‌ಇಎಸ್ ಅನ್ನುವ ಸಾಧನಕ್ಕೆ ಫೈಲ್ ಕಳಿಸಬಹುದು. ಲಿನಕ್ಸ್‌ನಲ್ಲಿ ಅದಕ್ಕೆ ಬೇಕಾದ ಸಲಕರಣೆಗಳು ಇವೆ. ಅದನ್ನೇ ಮೊದಲು ಮಾಡಿದೆ. ಒಪ್ಪಲಿಲ್ಲ. ಕೈಪಿಡಿಯ ಕೊನೆಯ ಪುಟದಲ್ಲಿ ಕಾರಣ ಸಿಕ್ಕಿತು. ನಮ್ಮಷ್ಟು ಹಳೆಯ ಆವೃತ್ತಿ ಇದ್ದರೆ ಬೋರ್ಡ್ ಮೇಲಿನ ಸೀರಿಯಲ್ ಪೋರ್ಟ್‌ನಿಂದಲೇ, ಅಂದರೆ ಡೇಟಾ ಒಂದೊಂದೇ ಬಿಟ್ ಆಗಿ ಸಾಗುವ ಹಳೆಯ ಬಗೆಯ ಪೋರ್ಟ್‌ನಿಂದಲೇ ಹಾಕಬೇಕು. ಅದೂ ನೇರವಾಗಿ ಹೊಸದಕ್ಕೆ ಜಿಗಿಯುವ ಹಾಗಿಲ್ಲ. ಮೊದಲು ನಡುವಿನ ಒಂದು ಆವೃತ್ತಿ, ಆಮೇಲೆ ಕೊನೆಯದು.

ಒಂದು ಭಾನುವಾರ ಇಡೀ ದಿನ ಸರ್ವರ್ ನಿಲ್ಲಿಸಲು ಒಪ್ಪಿಗೆ ತೆಗೆದುಕೊಂಡೆ. ಶನಿವಾರ ಪೂರ್ತಿ ಬ್ಯಾಕಪ್. ಬ್ಯಾಕಪ್ ಆಯಿತು ಅನ್ನುವ ಸಂದೇಶವನ್ನು ನಾನು ಲೆಕ್ಕಕ್ಕೆ ಹಿಡಿಯಲ್ಲ. ಅದರಿಂದ ಮೂರು ದೊಡ್ಡ ಫೋಲ್ಡರ್ ವಾಪಸ್ ತೆಗೆದು, ಮೂಲದ ಜೊತೆ ಹೋಲಿಸಿ ನೋಡಿದ ಮೇಲೆಯೇ ಮನೆಗೆ ಹೋಗಿದ್ದು.

ಭಾನುವಾರ ಪೂಲ್ ಎಕ್ಸ್‌ಪೋರ್ಟ್ ಮಾಡಿದೆ, ಅಂದರೆ ಸರ್ವರ್‌ನಿಂದ ಬಿಡಿಸಿದೆ, ಶೆಲ್ಫ್ ಆಫ್ ಮಾಡಿದೆ, ಮೇಲಿನ ಮುಚ್ಚಳ ತೆಗೆದೆ. ಎಕ್ಸ್‌ಪ್ಯಾಂಡರ್ ಬೋರ್ಡ್‌ನ ಮೂಲೆಯಲ್ಲಿ ನಾಲ್ಕು ಪಿನ್‌ನ ಸಣ್ಣ ಹೆಡರ್ ಇತ್ತು. ಪಕ್ಕದಲ್ಲಿ ಒಂದು ತ್ರಿಕೋನದ ಗುರುತು ಬಿಟ್ಟರೆ ಏನೂ ಬರೆದಿರಲಿಲ್ಲ. ಕೈಪಿಡಿಯಲ್ಲಿ ಪಿನ್‌ಗಳ ಕ್ರಮ ಕೊಟ್ಟಿದ್ದರು. ಆದರೆ ಅದು ಬೋರ್ಡ್‌ನ ಹಿಂದಿನ ರಿವಿಷನ್‌ಗೆ.

ಇಲ್ಲಿ ಅವಸರ ಮಾಡಿದರೆ ಬೋರ್ಡ್ ಸುಡುತ್ತದೆ. ಸೀರಿಯಲ್ ಅಂದರೆ ಎಲ್ಲವೂ ಒಂದೇ ಅಲ್ಲ. 1960ರಲ್ಲಿ ಬಂದ ಆರ್‌ಎಸ್-232 ಅನ್ನುವ ಸೀರಿಯಲ್ ಮಾನದಂಡದ ಲೆಕ್ಕದಲ್ಲಿ ಸಿಗ್ನಲ್ 3ರಿಂದ 15 ವೋಲ್ಟ್‌ವರೆಗೆ ಇರಬಹುದು, ಪ್ಲಸ್ ಕಡೆಗೂ ಮೈನಸ್ ಕಡೆಗೂ. ಬೋರ್ಡ್ ಮೇಲೆ ಹೀಗೆ ಬರಿ ಪಿನ್‌ಗಳಾಗಿ ಸಿಗುವ ಪೋರ್ಟ್ ಸಾಮಾನ್ಯವಾಗಿ 3.3 ವೋಲ್ಟ್‌ನದ್ದು, ಚಿಪ್‌ಗೆ ನೇರ ಹೋಗುತ್ತದೆ. ಅದಕ್ಕೆ ಹಳೆಯ ಒಂಬತ್ತು ಪಿನ್‌ನ ಕೇಬಲ್‌ನಿಂದ 12 ವೋಲ್ಟ್ ಬಿಟ್ಟರೆ ಆ ಪಿನ್‌ನ ಕಥೆ ಮುಗಿಯಿತು, ಚಿಪ್‌ನದ್ದೂ ಮುಗಿಯಬಹುದು.

ಮಲ್ಟಿಮೀಟರ್ ತೆಗೆದುಕೊಂಡೆ. ಪವರ್ ಇಲ್ಲದಾಗ ಮೊದಲು ನೆಲದ ತಂತಿ ಹುಡುಕಿದೆ. ಒಂದು ಮುಳ್ಳು ಶೆಲ್ಫ್‌ನ ಲೋಹದ ಮೈಗೆ, ಇನ್ನೊಂದು ಪಿನ್‌ಗಳ ಮೇಲೆ ಒಂದೊಂದಾಗಿ. ನಾಲ್ಕನೆಯದರಲ್ಲಿ ಬೀಪ್ ಬಂತು. ಅದು ಗ್ರೌಂಡ್. ಆಮೇಲೆ ಪವರ್ ಹಾಕಿ ಉಳಿದ ಮೂರನ್ನು ಅಳೆದೆ. ಮೂರರಲ್ಲೂ 3.3ರ ಆಸುಪಾಸು! ಒಂದು ಸಪ್ಲೈ, ಒಂದು ಬೋರ್ಡ್ ಮಾತಾಡುವ ಪಿನ್, ಒಂದು ಕೇಳಿಸಿಕೊಳ್ಳುವ ಪಿನ್. ಸುಮ್ಮನಿದ್ದಾಗ ಮೂರೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಲು ಒಂದು ಉಪಾಯ ಇದೆ. ಮೀಟರಿನ ಮುಳ್ಳನ್ನು ಪಿನ್ ಮೇಲೆ ಇಟ್ಟುಕೊಂಡೇ ಬೋರ್ಡ್ ಪವರ್ ಆಫ್ ಮಾಡಿ ಆನ್ ಮಾಡಬೇಕು. ಬೂಟ್ ಆಗುವಾಗ ಬೋರ್ಡ್ ತನ್ನ ಸಂದೇಶಗಳನ್ನು ಉದುರಿಸುತ್ತದೆ. ಅಕ್ಷರ ಹೊರಟಾಗಲೆಲ್ಲ ವೋಲ್ಟೇಜ್ ಸೊನ್ನೆಗೂ 3.3ಕ್ಕೂ ನಡುವೆ ಓಡಾಡುತ್ತದೆ. ಮೀಟರ್ ಅಷ್ಟು ವೇಗವಾಗಿ ಓದಲಾರದು, ಆದರೆ ಅಂಕಿ ನಡುಗುತ್ತದೆ. ಎರಡನೇ ಪಿನ್ ಮೇಲೆ 3.3 ಇದ್ದದ್ದು 2.6ಕ್ಕೆ ಇಳಿಯಿತು, ಏರಿತು, ಮತ್ತೆ ಇಳಿಯಿತು, ಮೂರು ಸೆಕೆಂಡ್ ಕುಣಿದು ನಿಂತಿತು. ಬೋರ್ಡ್ ಮಾತಾಡುತ್ತಿದೆ! ಆ ಅಂಕಿ ಕುಣಿಯುವುದನ್ನು ನೋಡಿದಾಗ ಆದ ಖುಷಿ ಇವತ್ತಿಗೂ ನೆನಪಿದೆ. ನನಗೆ ಇನ್ನೂ ಒಂದು ಅಕ್ಷರವೂ ಕಂಡಿರಲಿಲ್ಲ, ಆದರೆ ಅದು ಜೀವಂತ ಇದೆ ಅಂತ ಗೊತ್ತಾಗಿತ್ತು.

ಪವರ್ ಮತ್ತೆ ಆಫ್ ಮಾಡಿ 3.3 ವೋಲ್ಟ್‌ನ ಯುಎಸ್‌ಬಿ ಕನ್ವರ್ಟರ್‌ನಿಂದ ಮೂರೇ ತಂತಿ ಹಾಕಿದೆ. ಗ್ರೌಂಡ್‌ಗೆ ಗ್ರೌಂಡ್. ಬೋರ್ಡ್ ಮಾತಾಡುವ ಪಿನ್‌ನಿಂದ ಕನ್ವರ್ಟರ್ ಕೇಳುವ ಪಿನ್‌ಗೆ, ಅದು ಮಾತಾಡುವಲ್ಲಿಂದ ಇದು ಕೇಳುವಲ್ಲಿಗೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ. ಸಪ್ಲೈ ಪಿನ್ ಮುಟ್ಟಲಿಲ್ಲ. ಬೋರ್ಡ್‌ಗೆ ತನ್ನದೇ ಪವರ್ ಇದೆ, ಲ್ಯಾಪ್‌ಟಾಪ್‌ನಿಂದ ಕೊಡುವ ಅಗತ್ಯ ಇಲ್ಲ.

ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಟರ್ಮಿನಲ್‌ಗೆ ಮಿನಿಕಾಮ್ ಅನ್ನುವ ಪ್ರೋಗ್ರಾಂ ತೆರೆದೆ. ವೇಗ 115200 ಇಟ್ಟು ಶೆಲ್ಫ್ ಆನ್ ಮಾಡಿದೆ. ಪರದೆ ತುಂಬ ಪ್ರಶ್ನೆ ಚಿಹ್ನೆ, ಚೌಕ, ಅರ್ಥವಿಲ್ಲದ ಗುರುತುಗಳು. ಇದಕ್ಕೆ ಗಾಬರಿಯಾಗಬಾರದು. ಕಸ ಬಂದರೂ ಅದು ಒಳ್ಳೆಯ ಸುದ್ದಿಯೇ. ತಂತಿ ಸರಿ ಇದೆ, ಬೋರ್ಡ್ ಏನೋ ಹೇಳುತ್ತಿದೆ, ಇಬ್ಬರ ಗಡಿಯಾರ ಮಾತ್ರ ಹೊಂದುತ್ತಿಲ್ಲ. 9600 ನೋಡಿದೆ, ಬೇರೆ ಥರದ ಕಸ. 38400ಕ್ಕೆ ಇಟ್ಟು ಇನ್ನೊಮ್ಮೆ ಬೂಟ್ ಮಾಡಿದೆ. ಓದಲು ಬರುವ ಅಕ್ಷರಗಳು ಸಾಲುಸಾಲಾಗಿ ಇಳಿದವು. ಬೋರ್ಡ್‌ನ ಹೆಸರು, ಆವೃತ್ತಿ, ಫ್ಯಾನ್‌ಗಳ ವೇಗ, ಕೊನೆಗೆ ಆದೇಶಕ್ಕೆ ಕಾಯುವ ಒಂದು ಪ್ರಾಂಪ್ಟ್.

ಎಂಟರ್ ಒತ್ತಿದೆ. ಏನೂ ಆಗಲಿಲ್ಲ. ಏನೇ ಟೈಪ್ ಮಾಡಿದರೂ ಆ ಕಡೆ ಹೋಗುತ್ತಿಲ್ಲ. ಓದಲು ಆಗುತ್ತಿದೆ, ಬರೆಯಲು ಆಗುತ್ತಿಲ್ಲ. ತಂತಿ ಸಡಿಲ ಇರಬೇಕು ಅಂತ ಹತ್ತು ನಿಮಿಷ ಅದರ ಹಿಂದೆ ಬಿದ್ದೆ. ಕಾರಣ ತಂತಿಯಲ್ಲ, ಮಿನಿಕಾಮ್‌ನ ಸೆಟ್ಟಿಂಗ್. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇತ್ತು. ಅದು ಆನ್ ಇದ್ದರೆ, ಎದುರಿನವರು ಬೇರೊಂದು ತಂತಿಯಲ್ಲಿ ಕಳಿಸಬಹುದು ಅಂತ ಹೇಳುವವರೆಗೂ ಲ್ಯಾಪ್‌ಟಾಪ್ ಕಾಯುತ್ತದೆ. ನನ್ನದು ಮೂರೇ ತಂತಿ, ಆ ಮಾತು ಬರುವ ದಾರಿಯೇ ಇಲ್ಲ. ಆಫ್ ಮಾಡಿದ ಕೂಡಲೇ ಪ್ರಾಂಪ್ಟ್ ಉತ್ತರ ಕೊಟ್ಟಿತು. ಮೂರು ತಂತಿಯ ಕೇಬಲ್ ಹಾಕಿದವರು ಮೊದಲು ನೋಡಬೇಕಾದ್ದು ಇದನ್ನೇ.

ಇನ್ನೊಂದು ವಿಚಿತ್ರ ಕಂಡಿತು. ಕನ್ವರ್ಟರ್ ಚುಚ್ಚಿದ ಸ್ವಲ್ಪ ಹೊತ್ತಿಗೆ ಪ್ರಾಂಪ್ಟ್ ಮೇಲೆ ನಾನು ಒತ್ತದ ಎರಡು ಅಕ್ಷರ ಬಂದಿದ್ದವು, ಎ ಮತ್ತು ಟಿ. ಎಟಿ ಅಂದರೆ ಮೋಡೆಮ್‌ಗೆ ಕೊಡುವ ಆದೇಶ. ಲಿನಕ್ಸ್‌ನ ಮೋಡೆಮ್ ಮ್ಯಾನೇಜರ್ ಸೇವೆ, ಹೊಸ ಸೀರಿಯಲ್ ಪೋರ್ಟ್ ಕಂಡರೆ ಮೋಡೆಮ್ ಇರಬಹುದೇ ಅಂತ ತಟ್ಟಿ ನೋಡುತ್ತದೆ. ಫರ್ಮ್‌ವೇರ್ ಹೋಗುತ್ತಿರುವಾಗ ಹೀಗೆ ಬೇರೆಯವರು ಬಾಗಿಲು ತಟ್ಟಬಾರದು. ಆ ಸೇವೆಯನ್ನು ನಿಲ್ಲಿಸಿದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೂ ಮಾಡಿದೆ.

ಇಷ್ಟಾದ ಮೇಲೂ ಫರ್ಮ್‌ವೇರ್ ಹಾಕಲು ಕೂರಲಿಲ್ಲ. ಮೊದಲ ಒಂದು ಗಂಟೆ ಬರೀ ಓದಿದೆ. ಟರ್ಮಿನಲ್‌ನಲ್ಲಿ ಬರುವುದೆಲ್ಲ ಫೈಲ್‌ಗೆ ಸೇರುವಂತೆ ಮಾಡಿ, ಬೋರ್ಡ್ ಏನೇನು ಹೇಳಬಲ್ಲದೋ ಎಲ್ಲ ಕೇಳಿದೆ. ಯಾವ ಆವೃತ್ತಿ, ಫ್ಲಾಶ್‌ನಲ್ಲಿ ಎಷ್ಟು ಭಾಗ, ಈಗ ಯಾವುದರಿಂದ ಓಡುತ್ತಿದೆ, ಯಾವ ಪೋರ್ಟ್ ಯಾವ ವೇಗದಲ್ಲಿದೆ. ಫರ್ಮ್‌ವೇರ್‌ಗೆ ಎರಡು ಜಾಗ ಇದ್ದವು. ಓಡುತ್ತಿರುವುದು ಒಂದು, ಹೊಸದನ್ನು ಬರೆಯುವುದು ಇನ್ನೊಂದು. ಬರೆಯುವಾಗ ಏನಾದರೂ ಆದರೆ ಹಳೆಯದರಿಂದಲೇ ಬೂಟ್ ಆಗುತ್ತದೆ. ಇದು ಗೊತ್ತಾದ ಮೇಲೆ ಎದೆ ಸ್ವಲ್ಪ ಹಗುರ ಆಯಿತು.

ಕೊನೆಯದಾಗಿ ಸಾಸ್ ಅಡ್ರೆಸ್ ಕೇಳಿದೆ. ಹದಿನಾರು ಅಂಕಿ-ಅಕ್ಷರಗಳ ಸಾಲು, 5ರಿಂದ ಶುರು. ಸಾಸ್ ಜಾಲದಲ್ಲಿ ಪ್ರತಿ ಸಾಧನಕ್ಕೂ ಇಂಥ ಒಂದು ಅಡ್ರೆಸ್ ಇರಬೇಕು, ಒಂದೇ ಜಾಲದಲ್ಲಿ ಇಬ್ಬರಿಗೆ ಒಂದೇ ಇರಬಾರದು. ಅದನ್ನು ಲಾಗ್ ಫೈಲ್‌ನಲ್ಲಿ ಬಿಟ್ಟು ಸುಮ್ಮನಾಗಲಿಲ್ಲ. ಕಾಗದದ ಮೇಲೆ ಪೆನ್ನಿನಲ್ಲಿ, ನಾಲ್ಕು ನಾಲ್ಕರ ಗುಂಪು ಮಾಡಿ ಬರೆದುಕೊಂಡೆ. ಬೋರ್ಡ್ ಮೇಲಿನ ಸ್ಟಿಕ್ಕರ್ ಜೊತೆ ಹೋಲಿಸಿದೆ. ಸರಿ ಇತ್ತು.

ತಂದಿದ್ದ ಫೈಲ್‌ಗಳ ಶಾ-256 ಮೊತ್ತವನ್ನೂ, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆಯನ್ನೂ, ತಯಾರಕರು ಕೊಟ್ಟಿದ್ದರ ಜೊತೆ ಹೋಲಿಸಿದೆ. ಇದು ಸುಮ್ನೆ ಶಾಸ್ತ್ರಕ್ಕೆ ಅಲ್ಲ. ಎರಡು ಮಾದರಿಯ ಶೆಲ್ಫ್‌ಗಳಿಗೆ ಎರಡು ಫೈಲ್, ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸ. ಸೀರಿಯಲ್ ದಾರಿಯಲ್ಲಿ ಫೈಲ್ ಸರಿಯಾಗಿ ಹೋಯಿತಾ ಅನ್ನುವುದನ್ನು ಪ್ರೋಟೊಕಾಲ್ ನೋಡಿಕೊಳ್ಳುತ್ತದೆ. ಸರಿಯಾದ ಫೈಲ್ ಹೋಯಿತಾ ಅನ್ನುವುದನ್ನು ನಾವೇ ನೋಡಬೇಕು.

ಆ ಪ್ರೋಟೊಕಾಲ್ ಎಕ್ಸ್‌ಮೋಡೆಮ್. ವಾರ್ಡ್ ಕ್ರಿಸ್ಟೆನ್‌ಸನ್ 1977ರಲ್ಲಿ ಬರೆದದ್ದು. ಇಷ್ಟು ವರ್ಷವಾದರೂ ಅದು ಬದುಕಿರುವುದಕ್ಕೆ ಕಾರಣ, ಅದರ ಒಳಗೆ ಬಚ್ಚಿಟ್ಟದ್ದು ಏನೂ ಇಲ್ಲ. ಫೈಲನ್ನು 128 ಬೈಟ್‌ಗಳ ತುಂಡು ಮಾಡುತ್ತದೆ. ಪ್ರತಿ ತುಂಡಿನ ಮುಂದೆ ಒಂದು ಶುರುವಿನ ಗುರುತು, ತುಂಡಿನ ಸಂಖ್ಯೆ, ಆ ಸಂಖ್ಯೆಯನ್ನು 255ರಿಂದ ಕಳೆದರೆ ಬರುವ ಸಂಖ್ಯೆ. ಕೊನೆಗೆ, ಆಮೇಲೆ ಬಂದ ಬಗೆಯಲ್ಲಿ, ಎರಡು ಬೈಟ್‌ನ ಸಿಆರ್‌ಸಿ, ಅಂದರೆ ತಪ್ಪು ಹಿಡಿಯುವ ಲೆಕ್ಕ. ಒಟ್ಟು 133 ಬೈಟ್. ಆ ಕಡೆಯವರು ಲೆಕ್ಕ ಹಾಕಿ ನೋಡಿ, ಸರಿ ಇದ್ದರೆ ಒಂದು ಬೈಟ್‌ನಲ್ಲಿ ಸರಿ ಅನ್ನುತ್ತಾರೆ, ಇಲ್ಲದಿದ್ದರೆ ಇನ್ನೊಂದು ಬೈಟ್‌ನಲ್ಲಿ ಮತ್ತೆ ಕಳಿಸು ಅನ್ನುತ್ತಾರೆ. ಉತ್ತರ ಬರುವವರೆಗೂ ಮುಂದಿನ ತುಂಡು ಹೋಗಲ್ಲ. ಒಂದು ಸಣ್ಣ ಬೂಟ್ ಕೋಡ್‌ನ ಒಳಗೂ ಇದನ್ನು ಕೂರಿಸಬಹುದು. ಅದಕ್ಕೇ ಎಷ್ಟೋ ಬೋರ್ಡ್‌ಗಳಲ್ಲಿ, ಬೇರೆ ಎಲ್ಲ ಬಾಗಿಲು ಮುಚ್ಚಿದಾಗಲೂ ಇದೊಂದು ತೆರೆದಿರುತ್ತದೆ.

ಬೋರ್ಡ್‌ನಲ್ಲಿ ಡೌನ್‌ಲೋಡ್ ಆದೇಶ ಕೊಟ್ಟೆ. ಎರಡನೇ ಜಾಗವನ್ನು ಅಳಿಸಿದ್ದೇನೆ, ಫೈಲ್ ಕಳಿಸು ಅಂತ ಬೋರ್ಡ್ ಅಂದಿತು. ಆಮೇಲೆ ಪರದೆಯ ಮೇಲೆ ಒಂದು ಸಿ ಅಕ್ಷರ ಬಂತು. ಕೆಲವು ಸೆಕೆಂಡ್ ಬಿಟ್ಟು ಇನ್ನೊಂದು ಸಿ. ಮತ್ತೊಂದು. ನಾನು ಸಿದ್ಧ, ಸಿಆರ್‌ಸಿ ಜೊತೆ ಕಳಿಸು ಅಂತ ಬೋರ್ಡ್ ಕರೆಯುವ ರೀತಿ ಅದು. ಮಿನಿಕಾಮ್‌ನಲ್ಲಿ ಫೈಲ್ ಆರಿಸಿ ಕಳಿಸಲು ಶುರು ಮಾಡಿದೆ. ತುಂಡುಗಳ ಎಣಿಕೆ ಏರತೊಡಗಿತು. ನೂರು, ಇನ್ನೂರು, ಐನೂರು. ಸಾವಿರ ದಾಟಿತು. 1300ರ ಹತ್ತಿರ ನಿಂತಿತು. ಮತ್ತೆ ಪ್ರಯತ್ನ, ಮತ್ತೆ ಪ್ರಯತ್ನ ಅಂತ ಸಾಲುಗಳು ಬಂದವು. ಕೊನೆಗೆ ರದ್ದಾಯಿತು.

ಕೈ ತಣ್ಣಗಾಯಿತು. ಆದರೆ ಬೋರ್ಡ್ ಇನ್ನೂ ಹಳೆಯ ಜಾಗದಿಂದಲೇ ಓಡುತ್ತಿದೆ ಅನ್ನುವುದು ನೆನಪಿತ್ತು. ಕಂಟ್ರೋಲ್ ಜೊತೆ ಎಕ್ಸ್ ಕೀಯನ್ನು ಮೂರ್ನಾಲ್ಕು ಸಲ ಒತ್ತಿದೆ. ಎಕ್ಸ್‌ಮೋಡೆಮ್‌ನಲ್ಲಿ ಬಿಟ್ಟುಬಿಡು ಅನ್ನುವ ಬೈಟ್ ಅದೇ. ಪ್ರಾಂಪ್ಟ್ ವಾಪಸ್ ಬಂತು. ಅದರ ಜೊತೆಗೆ ಇನ್ನೂ ಎರಡು ಸಾಲು ಬಂದಿದ್ದವು. 17ನೇ ಪೋರ್ಟ್ ಲಿಂಕ್ ಹೋಯಿತು, 17ನೇ ಪೋರ್ಟ್ ಲಿಂಕ್ ಬಂತು.

ಅಲ್ಲಿಗೆ ಅರ್ಥವಾಯಿತು. ಬೋರ್ಡ್‌ಗೆ ಇರುವುದು ಒಂದೇ ಸೀರಿಯಲ್ ದಾರಿ. ಫೈಲ್ ಬರುವುದೂ ಅದರಲ್ಲೇ, ಅದು ತನ್ನ ಸುದ್ದಿ ಹೇಳುವುದೂ ಅದರಲ್ಲೇ. ಸರಿ ಅನ್ನುವ ಒಂದು ಬೈಟ್‌ಗೆ ಲ್ಯಾಪ್‌ಟಾಪ್ ಕಾಯುತ್ತಿದ್ದಾಗ ಡಿಸ್ಕ್ ಸುದ್ದಿಯ ಇಡೀ ಸಾಲು ನುಗ್ಗಿ ಬಂದರೆ ಇಬ್ಬರ ತಾಳ ತಪ್ಪುತ್ತದೆ. ನಾನು ಪೂಲ್ ಎಕ್ಸ್‌ಪೋರ್ಟ್ ಮಾಡಿದ್ದೆ, ಆದರೆ ಡಿಸ್ಕ್‌ಗಳು ಶೆಲ್ಫ್‌ನಲ್ಲೇ ಕೂತು ತಿರುಗುತ್ತಿದ್ದವು. ಸರ್ವರ್ ಕೇಬಲ್ ಕೂಡ ಚುಚ್ಚಿಯೇ ಇತ್ತು. ಹೊಸ ಫರ್ಮ್‌ವೇರ್ ಬಾರದ ಹಾಗೆ 17ನೇ ಡಿಸ್ಕೇ ಅಡ್ಡ ಬಂದಿತ್ತು.

ಕೇಬಲ್ ಕಿತ್ತೆ. 24 ಡಿಸ್ಕ್‌ಗಳ ಮೇಲೂ ಸ್ಲಾಟ್ ಸಂಖ್ಯೆಯ ಚೀಟಿ ಅಂಟಿಸಿ, ಪ್ರತಿಯೊಂದನ್ನೂ ಎರಡು ಬೆರಳಿನಷ್ಟು ಹೊರಗೆ ಎಳೆದೆ. ಪೂರ್ತಿ ತೆಗೆಯುವುದು ಬೇಡ, ಕನೆಕ್ಟರ್ ಬಿಟ್ಟರೆ ಸಾಕು. ಟರ್ಮಿನಲ್ ಮುಂದೆ ಕೂತು ಐದು ನಿಮಿಷ ಏನೂ ಮಾಡದೆ ಪರದೆ ನೋಡಿದೆ. ಒಂದು ಸಾಲೂ ಬರಲಿಲ್ಲ. ಈಗ ಬೋರ್ಡ್‌ಗೆ ಹೇಳುವುದಕ್ಕೆ ಏನೂ ಇಲ್ಲ, ಕೇಳುವುದಕ್ಕೆ ಮಾತ್ರ ಕೂತಿದೆ.

ಎರಡನೇ ಸಲ ಶುರು ಮಾಡುವ ಮೊದಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿಕೊಂಡೆ. ಹಾಗೆ ಮಾಡುವುದು ಒಳ್ಳೆಯದು. ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಿಲ್ಲದಿದ್ದರೆ ಕೈ ಸುಮ್ಮನಿರಲ್ಲ. ಫೈಲ್ 512 ಕಿಲೋಬೈಟ್, ಅಂದರೆ 4096 ತುಂಡು. ಸೀರಿಯಲ್‌ನಲ್ಲಿ ಒಂದು ಬೈಟ್‌ಗೆ ಶುರುವಿನ ಬಿಟ್, ಎಂಟು ಡೇಟಾ ಬಿಟ್, ಮುಗಿಸುವ ಬಿಟ್ ಸೇರಿ ಹತ್ತು ಬಿಟ್. 133 ಬೈಟ್‌ಗೆ 1330 ಬಿಟ್. 38400 ವೇಗದಲ್ಲಿ ಒಂದು ತುಂಡಿಗೆ ಸುಮಾರು 35 ಮಿಲಿಸೆಕೆಂಡ್. ಬರೀ ಅದಷ್ಟೇ ಆದರೆ ಎರಡೂವರೆ ನಿಮಿಷದ ಒಳಗೆ ಮುಗಿಯಬೇಕು. ಆದರೆ ನನ್ನ ಕನ್ವರ್ಟರ್‌ನಲ್ಲಿ ಇರುವುದು ಎಫ್‌ಟಿಡಿಐ ಚಿಪ್. ಅದು ಬಂದ ಬೈಟ್‌ಗಳನ್ನು ಸ್ವಲ್ಪ ಹೊತ್ತು ಕೂಡಿಹಾಕಿ ಆಮೇಲೆ ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ಮೊದಲಿಗೆ ಆ ಕಾಯುವಿಕೆ 16 ಮಿಲಿಸೆಕೆಂಡ್ ಇರುತ್ತದೆ. ಜಾಸ್ತಿ ಡೇಟಾ ಬರುವಾಗ ಅದು ಒಳ್ಳೆಯದೇ. ಇಲ್ಲಿ ಬರುವುದು ಸರಿ ಅನ್ನುವ ಒಂದೇ ಬೈಟ್. ಆ ಒಂದು ಬೈಟ್‌ಗೂ ಪ್ರತಿ ಸಲ 16 ಮಿಲಿಸೆಕೆಂಡ್ ಕಾದರೆ, 4096 ಸಲಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ. ಲಿನಕ್ಸ್‌ನಲ್ಲಿ ಅದನ್ನು 1ಕ್ಕೆ ಇಳಿಸಬಹುದು. ನಾನು ಇಳಿಸಲಿಲ್ಲ. ಕೆಲಸ ಮಾಡುತ್ತಿರುವ ದಾರಿಯನ್ನು ನಡುವೆ ಬದಲಿಸಲು ಮನಸ್ಸು ಬರಲಿಲ್ಲ. ಮೂರೂವರೆ ನಿಮಿಷ ಅಂತ ಲೆಕ್ಕ ಇಟ್ಟುಕೊಂಡೆ.

ಮತ್ತೆ ಸಿ, ಸಿ, ಸಿ. ಕಳಿಸಲು ಶುರು ಮಾಡಿ ಕುರ್ಚಿಯಿಂದ ಎದ್ದು ನಿಂತೆ, ಕೈ ಎರಡನ್ನೂ ಹಿಂದೆ ಕಟ್ಟಿಕೊಂಡೆ. ಎಣಿಕೆ 1300 ದಾಟಿತು. 2000. ಕನ್ವರ್ಟರ್‌ನ ಎರಡು ದೀಪಗಳು ಮಿನುಗುತ್ತಿದ್ದವು. ಒಂದು ಉದ್ದಕ್ಕೆ, ಒಂದು ಚಿಕ್ಕದಾಗಿ. ತುಂಡು, ಸರಿ. ತುಂಡು, ಸರಿ. ಎರಡು ಯಂತ್ರಗಳು ಒಂದೊಂದು ಮಾತಿಗೂ ಹೂಂ ಅಂದುಕೊಂಡು ಮುಂದೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ನೆಟ್‌ವರ್ಕ್‌ನಲ್ಲಿ ಇದೇ ಫೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ, ಏನು ನಡೆಯಿತು ಅಂತ ಯಾರೂ ನೋಡಿರುವುದಿಲ್ಲ. ಈ ನಿಧಾನ ನನಗೆ ಇಷ್ಟ. 4096 ಬಂತು, ಎಣಿಕೆ ನಿಂತಿತು, ಮೊತ್ತ ಸರಿ ಇದೆ, ಬರೆಯುತ್ತಿದ್ದೇನೆ ಅಂತ ಬೋರ್ಡ್ ಹೇಳಿತು.

ಆಮೇಲೆ ಮೌನ. ಹತ್ತು ಸೆಕೆಂಡ್, ಇಪ್ಪತ್ತು, ನಲವತ್ತು. ಈ ಹೊತ್ತಿನಲ್ಲಿ ಯಾರೂ ಪವರ್ ಬಟನ್ ಹತ್ತಿರ ಹೋಗಬಾರದು. ಪರದೆ ನಿಂತಿದೆ ಅಂದಮಾತ್ರಕ್ಕೆ ಬೋರ್ಡ್ ನಿಂತಿಲ್ಲ. ಕೊನೆಗೆ ಮುಗಿಯಿತು ಅನ್ನುವ ಸಾಲು ಬಂತು. ರೀಸೆಟ್ ಕೊಟ್ಟೆ. ಕೊಟ್ಟ ಕ್ಷಣವೇ ಶೆಲ್ಫ್‌ನ ಫ್ಯಾನ್‌ಗಳೆಲ್ಲ ಭೋರೆಂದವು. ಫ್ಯಾನ್ ವೇಗ ಹಿಡಿದಿಡುವುದೂ ಇದೇ ಫರ್ಮ್‌ವೇರ್. ಅದು ಇಲ್ಲದ ಹೊತ್ತಿನಲ್ಲಿ ಅವು ಪೂರ್ತಿ ವೇಗದಲ್ಲಿ ಓಡುತ್ತವೆ, ಡಿಸ್ಕ್ ಬಿಸಿಯಾಗುವುದಕ್ಕಿಂತ ಅದೇ ವಾಸಿ. ನಾನು ಪರದೆ ನೋಡುವುದು ಬಿಟ್ಟು ಫ್ಯಾನ್ ಸದ್ದು ಕೇಳುತ್ತಾ ನಿಂತೆ. ಆರೇಳು ಸೆಕೆಂಡ್ ಆದ ಮೇಲೆ ಸದ್ದು ಇಳಿಯಿತು. ಮೆಲ್ಲಗೆ, ಒಂದೇ ಸಮ. ಬೂಟ್ ಆಯಿತು ಅಂತ ಪರದೆಗಿಂತ ಮೊದಲು ಕಿವಿಗೆ ಗೊತ್ತಾಯಿತು. ತಿರುಗಿ ನೋಡಿದರೆ ನಡುವಿನ ಆವೃತ್ತಿಯ ಸಂಖ್ಯೆ ಕೂತಿತ್ತು.

ಎರಡನೇ ಹೆಜ್ಜೆ, ಅಂದರೆ ಕೊನೆಯ ಆವೃತ್ತಿ, ಮೊದಲನೆಯದರ ಹಾಗೇ ಹೋಯಿತು. ಅದರ ಜೊತೆ ಇನ್ನೊಂದು ಸಣ್ಣ ಫೈಲ್ ಹಾಕಬೇಕಿತ್ತು. ಬೋರ್ಡ್‌ನ ಸೆಟ್ಟಿಂಗ್‌ಗಳ ಫೈಲ್. ಯಾವ ಪೋರ್ಟ್ ಯಾವ ಸ್ಲಾಟ್, ಯಾವ ದೀಪ ಯಾವುದಕ್ಕೆ, ಇಂಥವು. ಕೆಲವೇ ಸೆಕೆಂಡ್‌ನಲ್ಲಿ ಹೋಯಿತು. ರೀಸೆಟ್ ಮಾಡಿ ಎಲ್ಲವನ್ನೂ ಮತ್ತೆ ಕೇಳಿದೆ. ಆವೃತ್ತಿ ಸರಿ. ಫ್ಯಾನ್ ಸರಿ. ಸಾಸ್ ಅಡ್ರೆಸ್ ಮಾತ್ರ ಬೇರೆ. 5ರಿಂದ ಶುರುವಾಗಿತ್ತು, ಮೊದಲರ್ಧ ಹಾಗೇ ಇತ್ತು, ಕೊನೆಯಲ್ಲಿ ಬರೀ ಸೊನ್ನೆಗಳು.

ಸೆಟ್ಟಿಂಗ್ ಫೈಲ್ ತನ್ನೊಳಗಿದ್ದ ಮಾದರಿ ಅಡ್ರೆಸ್ಸನ್ನು ನಮ್ಮ ಅಡ್ರೆಸ್ ಮೇಲೆ ಬರೆದಿತ್ತು. ಈ ಫೈಲ್ ಹಾಕಿದ ಎಲ್ಲರ ಶೆಲ್ಫ್‌ಗೂ ಇದೇ ಅಡ್ರೆಸ್ ಬರುತ್ತದೆ. ಒಂದೇ ಶೆಲ್ಫ್ ಇದ್ದರೆ ಇವತ್ತು ಏನೂ ಗೊತ್ತಾಗುವುದಿಲ್ಲ, ಕೆಲಸ ನಡೆಯುತ್ತದೆ. ನಮ್ಮಲ್ಲಿ ಇಂಥವು ಎರಡು ಇವೆ, ಒಂದೇ ಕಾರ್ಡ್‌ಗೆ ಸೇರಿವೆ. ಎರಡಕ್ಕೂ ಒಂದೇ ಅಡ್ರೆಸ್ ಆದ ದಿನ ಸರ್ವರ್‌ಗೆ ಯಾವ ಡಿಸ್ಕ್ ಯಾವ ಕಡೆ ಅಂತ ಗೊತ್ತಾಗದೆ ಇಡೀ ಜಾಲ ಗೋಜಲಾಗುತ್ತಿತ್ತು. ಕೈಪಿಡಿಯಲ್ಲಿ ಈ ವಿಷಯ ಒಂದು ಅಕ್ಷರವೂ ಇರಲಿಲ್ಲ. ಇರಬೇಕಿತ್ತು.

ಕಾಗದ ತೆಗೆದೆ. ನಾಲ್ಕು ನಾಲ್ಕರ ಗುಂಪು. ಒಂದೊಂದೇ ಅಂಕಿ ಬಾಯಿಬಿಟ್ಟು ಓದುತ್ತಾ ಟೈಪ್ ಮಾಡಿದೆ. ಎಂಟರ್ ಒತ್ತುವ ಮೊದಲು ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಓದಿದೆ. ಮುಂದಿನಿಂದ ಓದಿದರೆ ಕಣ್ಣು ತಾನಾಗಿಯೇ ಸರಿ ಮಾಡಿಕೊಂಡು ಓದಿಬಿಡುತ್ತದೆ, ಹಿಂದಿನಿಂದ ಓದಿದರೆ ಹಾಗಾಗಲ್ಲ. ಬರೆದು, ರೀಸೆಟ್ ಮಾಡಿ, ಮತ್ತೆ ಕೇಳಿದೆ. ಸ್ಟಿಕ್ಕರ್, ಕಾಗದ, ಪರದೆ ಮೂರೂ ಒಂದೇ.

ಡಿಸ್ಕ್‌ಗಳನ್ನು ಒಂದೊಂದಾಗಿ ಒಳಗೆ ತಳ್ಳಿದೆ. ಪ್ರತಿ ಸಲವೂ ಟರ್ಮಿನಲ್‌ನಲ್ಲಿ ಆ ಸ್ಲಾಟ್ ಸಂಖ್ಯೆಯ ಸಾಲು ಬರುವವರೆಗೆ ಕಾದೆ. ಈಗ ಬೋರ್ಡ್ ಎಷ್ಟು ಮಾತಾಡಿದರೂ ತೊಂದರೆ ಇರಲಿಲ್ಲ. 24 ಸಾಲು ಬಂದವು. ಸರ್ವರ್ ಕೇಬಲ್ ಹಾಕಿದೆ, ಪೂಲ್ ಇಂಪೋರ್ಟ್ ಆಯಿತು, ಒಂದು ಡಿಸ್ಕ್ ಕೂಡ ತಪ್ಪಿಸಿಕೊಳ್ಳಲಿಲ್ಲ.

ರಾತ್ರಿಯವರೆಗೆ ಕಾಯಲು ತಾಳ್ಮೆ ಇರಲಿಲ್ಲ. ಮಧ್ಯಾಹ್ನವೇ ಬ್ಯಾಕಪ್‌ಗಿಂತ ಜಾಸ್ತಿ ಹೊರೆ ಹಾಕಿ, ಸೀರಿಯಲ್ ತಂತಿ ಹಾಗೇ ಬಿಟ್ಟು, ಒಂದು ಪರದೆಯಲ್ಲಿ ಸರ್ವರ್ ಲಾಗ್, ಇನ್ನೊಂದರಲ್ಲಿ ಬೋರ್ಡ್‌ನ ಮಾತು ಇಟ್ಟುಕೊಂಡು ಕೂತೆ. ಮುಕ್ಕಾಲು ಗಂಟೆ ಆದ ಮೇಲೆ 17 ಎಳೆಯಿತು. ಬೋರ್ಡ್ ಒಂದು ಸಾಲು ಹೇಳಿತು, 17ನೇ ಪೋರ್ಟ್ ರೀಸೆಟ್. ಸರ್ವರ್ ಲಾಗ್‌ನಲ್ಲೂ ಆ ಒಂದೇ ಡಿಸ್ಕ್ ಹೆಸರು. 16 ಅಲುಗಲಿಲ್ಲ, 18 ಅಲುಗಲಿಲ್ಲ. ಉಳಿದ 23ರಲ್ಲಿ ಓದು-ಬರಹ ನಡೆದೇ ಇತ್ತು. ಎರಡು ಸೆಕೆಂಡ್‌ನಲ್ಲಿ 17 ವಾಪಸ್ ಬಂತು. ಇದನ್ನು ನೋಡಲೆಂದೇ ಆ ಡಿಸ್ಕ್ ಅಲ್ಲಿ ಉಳಿಸಿಕೊಂಡಿದ್ದೆ. ಮರುದಿನ ಅದನ್ನು ತೆಗೆದು ಹೊಸದು ಹಾಕಿದೆ.

ಪಿನ್‌ಗಳ ಕ್ರಮ, 3.3 ವೋಲ್ಟ್, 38400, ಫ್ಲೋ ಕಂಟ್ರೋಲ್ ಬೇಡ, ಮೊದಲು ಡಿಸ್ಕ್‌ಗಳನ್ನು ಹೊರಗೆ ಎಳೆಯಿರಿ, ಆಮೇಲೆ ಸಾಸ್ ಅಡ್ರೆಸ್ ನೋಡಿ. ಇಷ್ಟನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಅಡ್ರೆಸ್ ಬರೆದ ಚೀಟಿಯ ಜೊತೆ ಮುಚ್ಚಳದ ಒಳಗಡೆ ಅಂಟಿಸಿದೆ. ಮೂರು ತಂತಿಗಳನ್ನು ಕಿತ್ತು, ಮೂರಕ್ಕೂ ಹೆಸರಿನ ಚೀಟಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಎರಡನೇ ಶೆಲ್ಫ್‌ಗೆ ಮುಂದಿನ ಭಾನುವಾರ ಕೇಳಿದ್ದೇನೆ.